ಲಿವರ್ ಒಳಗಿನ ಪಿತ್ತನಾಳದ ಕ್ಯಾನ್ಸರ್: ಕೀಹೋಲ್ ಮಾಡಿಸಬೇಕಾ, ಓಪನ್ ಮಾಡಿಸಬೇಕಾ?

ಸೋಮವಾರಪೇಟೆಯಿಂದ ಒಬ್ಬರ ಪ್ರಶ್ನೆ

ಅಪ್ಪನಿಗೆ 63 ವರ್ಷ. ಗ್ಯಾಸ್ಟ್ರಿಕ್ ಇರಬೇಕು ಅಂತ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್‌ನ ಎಡಭಾಗದಲ್ಲಿ 4 ಸೆಂಟಿಮೀಟರ್ ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಪಿತ್ತನಾಳದ ಕ್ಯಾನ್ಸರ್ ಅಂತ ಬಂತು. ಕಾಮಾಲೆ ಇಲ್ಲ, ಬೇರೆ ಕಡೆ ಹರಡಿಲ್ಲ. ಮೈಸೂರಿನಲ್ಲಿ ಒಬ್ಬ ಸರ್ಜನ್ ಕೀಹೋಲ್‌ನಲ್ಲೇ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿಯೇ, ಆಗುತ್ತದೆ ಅಂದರು. ಬೆಂಗಳೂರಿನಲ್ಲಿ ಇನ್ನೊಬ್ಬರು ಹೊಟ್ಟೆ ಉದ್ದಕ್ಕೆ ಕೊಯ್ದು ಓಪನ್ ಮಾಡುವುದೇ ಒಳ್ಳೆಯದು ಅಂದರು. ನಮಗೆ ದಿಕ್ಕೇ ತೋಚುತ್ತಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ದಯವಿಟ್ಟು ತಿಳಿಸಿ.

ವಿರಾಜಪೇಟೆ ಕಡೆಯ ಅಕ್ಕ ಒಬ್ಬರು

ತಮ್ಮಾ, ನಮ್ಮ ಅಮ್ಮನಿಗೂ ಇದೇ ಆಗಿತ್ತು. ಓಪನ್ ಮಾಡಿಸಿದೆವು. ಮೂರು ವರ್ಷ ತುಂಬುತ್ತಾ ಬಂತು. ಈ ಸಲ ಕಾಫಿ ಕೊಯ್ಲಿನಲ್ಲಿ ಕಣದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು ಹಸಿರು ಕಾಯಿ ಆರಿಸಿ ತೆಗೆಯುತ್ತಿದ್ದರು. ಮೊದಲು ಇದನ್ನು ಹೇಳಬೇಕು ಅನ್ನಿಸಿತು.

ನಾವು ಮೊದಲು ಹೋದ ಆಸ್ಪತ್ರೆಯಲ್ಲಿ "ಸಣ್ಣ ತೂತು ಅಷ್ಟೇ, ಐದನೇ ದಿನ ಮನೆ" ಅಂದರು. ನಾನು ಖುಷಿಯಿಂದ ತಲೆ ಆಡಿಸಿದೆ. ಜೊತೆಗೆ ಬಂದಿದ್ದ ಚಿಕ್ಕಮ್ಮನ ಮಗಳು ನರ್ಸ್. ಅವಳು "ಲಿಂಫ್ ಗ್ರಂಥಿ ತೆಗೆಯುತ್ತೀರಾ ಡಾಕ್ಟರ್?" ಅಂತ ಕೇಳಿದಳು. "ಬೇಕಾದರೆ ನೋಡೋಣ" ಅಂದರು. ಆ ಒಂದು ಮಾತಿಗೆ ನಾವು ಫೈಲ್ ಎತ್ತಿಕೊಂಡು ಇನ್ನೊಂದು ಕಡೆ ಹೋದೆವು. ಇವತ್ತಿಗೂ ಅವಳ ಉಪಕಾರ ಮರೆಯುವುದಿಲ್ಲ.

ಅದು ಯಾಕೆ ಅಷ್ಟು ಮುಖ್ಯ ಅಂದರೆ, ಲಿವರ್‌ನ ಮಾಮೂಲಿ ಕ್ಯಾನ್ಸರ್‌ಗಿಂತ ಪಿತ್ತನಾಳದ್ದು ಲಿಂಫ್ ಗ್ರಂಥಿಗಳಿಗೆ ಜಾಸ್ತಿ ಹೋಗುತ್ತದೆ. ಲಿವರ್‌ಗೆ ರಕ್ತನಾಳ ಹೋಗುವ, ಪಿತ್ತನಾಳ ಹೊರಗೆ ಬರುವ ಜಾಗದ ಸುತ್ತ ಇರುವ ಗ್ರಂಥಿಗಳನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು. ಕಮ್ಮಿ ಅಂದರೂ 6 ಗ್ರಂಥಿ ಸಿಗಬೇಕು ಅಂತ ಹಂತ ಗುರುತಿಸುವ ನಿಯಮದಲ್ಲಿ ಇದೆ. ಇಲ್ಲದಿದ್ದರೆ ಕಾಯಿಲೆ ಯಾವ ಹಂತದಲ್ಲಿದೆ ಅಂತ ಸರಿಯಾಗಿ ಹೇಳುವುದಕ್ಕೆ ಆಗುವುದಿಲ್ಲ. ಕೀಹೋಲ್‌ನಲ್ಲೂ ಇದನ್ನು ತೆಗೆಯಬಹುದು, ಕೈ ಪಳಗಿದವರು ಮಾಡುತ್ತಾರೆ. ಆದರೆ ಎರಡನ್ನೂ ಹೋಲಿಸಿದ ಹಲವು ಅಧ್ಯಯನಗಳಲ್ಲಿ ಕೀಹೋಲ್ ಆದವರಿಗೆ ಗ್ರಂಥಿ ತೆಗೆದಿರುವುದು ಕಮ್ಮಿ.

ಅದೇ ಅಧ್ಯಯನಗಳಲ್ಲಿ ಕೀಹೋಲ್‌ಗೆ ರಕ್ತ ಕಮ್ಮಿ ಹೋಗಿದೆ, ಆಸ್ಪತ್ರೆ ವಾಸವೂ ಕಮ್ಮಿ. ಎಷ್ಟು ವರ್ಷ ಬದುಕಿದರು ಅಂತ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ಇವು ಹೆಚ್ಚಿನವು ಹಳೇ ದಾಖಲೆ ತೆಗೆದು ಹೋಲಿಸಿದವು. ಸಣ್ಣ ಗಡ್ಡೆ, ಅಂಚಿನಲ್ಲಿರುವ ಗಡ್ಡೆಯವರು ಕೀಹೋಲ್‌ಗೆ ಹೋಗಿರುತ್ತಾರೆ. ದೊಡ್ಡದು, ರಕ್ತನಾಳದ ಹತ್ತಿರ ಇರುವುದು ಓಪನ್‌ಗೆ ಬರುತ್ತದೆ. ಹಾಗಾಗಿ "ಎರಡೂ ಒಂದೇ" ಅಂದ ತಕ್ಷಣ ನಿಮ್ಮ ಅಪ್ಪನಿಗೂ ಒಂದೇ ಅಂತ ಆಗುವುದಿಲ್ಲ ಅಲ್ವಾ?

ಅಮ್ಮನದು ಬಲಭಾಗದಲ್ಲಿ, ದೊಡ್ಡ ರಕ್ತನಾಳದ ಪಕ್ಕದಲ್ಲೇ ಇತ್ತು. ಎದೆಗೂಡಿನ ಕೆಳಗಿನಿಂದ ಇಳಿದು ಪಕ್ಕೆಲುಬಿನ ಅಡಿಗೆ ತಿರುಗುವ ಉದ್ದದ ಗಾಯ. ನೋವು ಇತ್ತು, ಸುಳ್ಳು ಹೇಳುವುದಿಲ್ಲ. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮುತ್ತಿದ್ದರು. ಮೂರು ಚೆಂಡಿನ ಉಸಿರಾಟದ ಡಬ್ಬದಲ್ಲಿ ಎರಡನೇ ಚೆಂಡು ಮೇಲೆ ಹೋದ ದಿನ ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಕೊಯ್ದ ಜಾಗದಿಂದ ಪಿತ್ತ ಸೋರಿತು. ಇದು ಕೀಹೋಲ್‌ನಲ್ಲೂ ಆಗಬಹುದಂತೆ. ಸೋರಿದ್ದು ಕೊಳವೆಯಲ್ಲಿ ಹೊರಗೆ ಬಂದು ತುಂಬುವ ಡ್ರೈನ್ ಚೀಲ ಹಾಕಿಕೊಂಡೇ ಮನೆಗೆ ಬಂದೆವು. ದಿನಾ ಬೆಳಿಗ್ಗೆ ಚೀಲ ಖಾಲಿ ಮಾಡಿ, ಅಳೆದು, ಬಣ್ಣ ಬರೆದಿಡುತ್ತಿದ್ದೆ. 90 ಎಂಎಲ್, ಹಸಿರು. 70, ಹಸಿರು. 40, ಹಳದಿ. 10ಕ್ಕೆ ಇಳಿದ ಮೇಲೆ ತೆಗೆದರು.

ಪೆಥಾಲಜಿ ವರದಿಯಲ್ಲಿ ಕೊಯ್ದ ಅಂಚು ಸ್ವಚ್ಛ (ಅಂಚಿನಲ್ಲಿ ಕ್ಯಾನ್ಸರ್ ಇಲ್ಲ), 7 ಗ್ರಂಥಿಯಲ್ಲಿ ಒಂದರಲ್ಲಿ ಕ್ಯಾನ್ಸರ್ ಅಂತ ಇತ್ತು. ಆ ಒಂದು ಗ್ರಂಥಿ ಒಳಗೇ ಉಳಿದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಕುಶಾಲನಗರದಿಂದ ಇನ್ನೊಬ್ಬರು

ಅಕ್ಕ ಹೇಳಿದ್ದು ಸರಿ. ಆದರೆ ಕೀಹೋಲ್ ಅಂದರೆ ಹೆದರಬೇಡಿ ಅಂತ ಹೇಳುವುದಕ್ಕೆ ಬರೆಯುತ್ತಿದ್ದೇನೆ. ನಮ್ಮ ಭಾವನಿಗೆ ಅದರಲ್ಲೇ ಆಯಿತು. ಗಡ್ಡೆ ಎಡಭಾಗದ ತುದಿಯಲ್ಲಿ, 3 ಸೆಂಟಿಮೀಟರ್. ಗ್ರಂಥಿಗಳನ್ನೂ ತೆಗೆದರು, ವರದಿಯಲ್ಲಿ ಎಣಿಸಿ ನೋಡಿಕೊಂಡಿದ್ದೇವೆ. ಆರನೇ ದಿನ ಮನೆಯಲ್ಲಿದ್ದರು. ಬೇಗ ಸುಧಾರಿಸಿಕೊಂಡಿದ್ದರಿಂದ ಮಾತ್ರೆಯ ಕೀಮೋ ತಡವಾಗದೆ ಶುರುವಾಯಿತು. ಕೆಪೆಸಿಟಬೈನ್, ಆರು ತಿಂಗಳು. 2019ರಲ್ಲಿ ಬಂದ ಬ್ರಿಟನ್‌ನ ಅಧ್ಯಯನದ ನಂತರ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಇದನ್ನೇ ಕೊಡುತ್ತಾರೆ ಅಂದರು. ಅಂಗೈ, ಅಂಗಾಲು ಸುಲಿಯುತ್ತದೆ, ಮುಲಾಮು ಮೊದಲೇ ಕೇಳಿಟ್ಟುಕೊಳ್ಳಿ.

ಗಡ್ಡೆಯನ್ನು ಚೀಲಕ್ಕೆ ಹಾಕಿ ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಕೊಯ್ದು ತೆಗೆದಿದ್ದರು. ಬರೀ ತೂತು ಅಂದುಕೊಂಡಿದ್ದ ನಮ್ಮ ಅಕ್ಕ ಆ ಗಾಯ ನೋಡಿ ಗಾಬರಿಯಾದಳು. ರಾತ್ರಿ ಭುಜ ನೋವು ಬಂದಾಗ ಹಾರ್ಟ್ ಅಂದುಕೊಂಡೆವು. ಹೊಟ್ಟೆಗೆ ತುಂಬಿದ ಗ್ಯಾಸ್‌ನಿಂದ ಹಾಗಾಗುತ್ತದಂತೆ, ಎರಡು ದಿನಕ್ಕೆ ಹೋಯಿತು. ಆ ಸರ್ಜನ್ ಮೊದಲೇ "ರಕ್ತ ಜಾಸ್ತಿ ಬಂದರೆ ಓಪನ್ ಮಾಡುತ್ತೇನೆ" ಅಂತ ಹೇಳಿ ಎರಡಕ್ಕೂ ಸಹಿ ತೆಗೆದುಕೊಂಡರು. ಅದಕ್ಕೇ ನಮಗೆ ಅವರ ಮೇಲೆ ನಂಬಿಕೆ ಬಂತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೆಂಗಳೂರಿನವರು ಓಪನ್ ಯಾಕೆ ಅಂದರು ಅಂತ ನಾವು ಕೇಳಲೇ ಇಲ್ಲ. ಈಗ ವರದಿ ತೆಗೆದು ನೋಡಿದೆ. ಗಡ್ಡೆ ಎಡಗಡೆಯ ಪೋರ್ಟಲ್ ರಕ್ತನಾಳಕ್ಕೆ (ಲಿವರ್‌ಗೆ ರಕ್ತ ತರುವ ದೊಡ್ಡ ನಾಳದ ಎಡ ಕವಲಿಗೆ) ತಾಗಿದೆ ಅಂತ ಬರೆದಿದೆ. ಇದಕ್ಕೇ ಇರಬಹುದಾ?

ವಿರಾಜಪೇಟೆಯ ಅಕ್ಕ

ಇರಬಹುದು ತಮ್ಮಾ. ಹಾಗಿದ್ದರೆ ತುದಿಯ ತುಂಡು ತೆಗೆದರೆ ಸಾಕಾಗದೆ ಇಡೀ ಎಡಭಾಗ ತೆಗೆಯಬೇಕಾಗಬಹುದು. ಮೈಸೂರಿನವರಿಗೆ ಈ ಸಾಲನ್ನು ತೋರಿಸಿ, ಕೀಹೋಲ್‌ನಲ್ಲಿ ಅಂಚು ಸ್ವಚ್ಛವಾಗಿ ಬರುತ್ತದಾ, ಗ್ರಂಥಿ ತೆಗೆಯುತ್ತೀರಾ, ಇಂಥವು ಎಷ್ಟು ಮಾಡಿದ್ದೀರಿ ಅಂತ ನೇರ ಕೇಳಿ. ಕೇಳಿದರೆ ಒಳ್ಳೆಯ ಡಾಕ್ಟರ್ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನವರಿಗೂ ಫೋನ್ ಮಾಡಿ ಕಾರಣ ಕೇಳಿ. ವರದಿ ಮಾತ್ರ ಅಲ್ಲ, ಸ್ಕ್ಯಾನ್‌ನ ಸಿಡಿಯನ್ನೂ ಒಯ್ಯಿರಿ. ಸರ್ಜನ್‌ಗಳು ಚಿತ್ರ ನೋಡಿಯೇ ಹೇಳುತ್ತಾರೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ಮೊದಲೇ ವಿಚಾರಿಸಿ, ಕೊನೇ ಗಳಿಗೆಗೆ ಬಿಡಬೇಡಿ.

ಯಾವುದು ಮಾಡಿಸಿದರೂ ಡಿಸ್ಚಾರ್ಜ್ ಆದ ತಕ್ಷಣ ಊರಿಗೆ ಬರಬೇಡಿ. ನಮಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಮಳೆ ಹಿಡಿದರೆ ಕೇಳುವುದೇ ಬೇಡ. ಎರಡು ವಾರ ಆಸ್ಪತ್ರೆ ಹತ್ತಿರ ರೂಮ್ ಮಾಡಿ. ನಾವು ಅವಸರದಲ್ಲಿ ಬಂದು, ಚಳಿಜ್ವರ ಶುರುವಾಗಿ, ರಾತ್ರಿ ಹನ್ನೊಂದಕ್ಕೆ ಜೀಪಿನಲ್ಲಿ ವಾಪಸ್ ಓಡಿದ್ದೆವು. ಪ್ರತಿ ಹಳ್ಳಕ್ಕೂ ಅಮ್ಮ ನನ್ನ ಕೈ ಹಿಸುಕುತ್ತಿದ್ದರು.

ಡ್ರೈನ್ ಅಳತೆ ಬರೆದ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಬೇಕಾದರೆ ಫೋಟೋ ತೆಗೆದು ಕಳಿಸುತ್ತೇನೆ. ಡಾಕ್ಟರ್ ಏನಂದರು ಅಂತ ಬರೆಯಿರಿ ತಮ್ಮಾ, ಕಾಯುತ್ತಿರುತ್ತೇನೆ.