ಮನೆ ಹಲಸಿನ ಮರದಲ್ಲೇ ತಲೆಬಾಗಿಲು ಮಾಡಿಸ್ಬೇಕು, ಮರ ಕೊಯ್ಸಿ ನಾಲ್ಕು ತಿಂಗಳಾಗಿದೆ ಅಷ್ಟೇ, ಆಗುತ್ತಾ?

ತೋಟದಮನೆ:
ಎಲ್ರಿಗೂ ನಮಸ್ಕಾರ. ನಮ್ದು ಸಾಗರದ ಹತ್ರ ಹಳ್ಳಿ. ಅಜ್ಜ ಕಟ್ಸಿದ್ ಮನೆ, ಹೆಂಚು ಪಕಾಸಿ ಎಲ್ಲ ಬಿಚ್ಚಿ ರಿಪೇರಿ ಮಾಡಿಸ್ತಾ ಇದೀವಿ. ತಲೆಬಾಗಿಲಿನ ದಾರಂದದ (ಬಾಗಿಲ ಚೌಕಟ್ಟಿನ) ಬುಡಕ್ಕೆ ಒರಲೆ ಹತ್ತಿ ಕೈಲಿ ಮುಟ್ಟಿದ್ರೆ ಪುಡಿ ಉದುರುತ್ತೆ, ಅದನ್ನಂತೂ ಬದಲಾಯಿಸ್ಲೇಬೇಕು. ಜುಲೈ ಗಾಳಿಗೆ ಕೊಟ್ಟಿಗೆ ಪಕ್ಕದ ಹಲಸಿನ ಮರ ಬಿತ್ತು, ಅದೂ ಅಜ್ಜ ನೆಟ್ಟಿದ್ದೇ, ಹಾಗಾಗಿ ಬಾಗಿಲು ಅದ್ರಲ್ಲೇ ಆಗ್ಬೇಕು ಅಂತ ಅಪ್ಪಂಗೆ ತುಂಬಾ ಆಸೆ. ಮಿಲ್ಲಲ್ಲಿ ಎರಡಿಂಚಿನ ಹಲಗೆ, ದಾರಂದಕ್ಕೆ 6 ಇಂಚು 5 ಇಂಚಿನ ತುಂಡು ಕೊಯ್ಸಿ ಇಟ್ಟಿದೀವಿ. ಗೃಹಪ್ರವೇಶ ಫೆಬ್ರವರೀಲಿ. ನಮ್ಮ ಆಚಾರ್ರು ಮಾಡಿಕೊಡ್ತೀನಿ ಅಂತಿದಾರೆ, ಆದ್ರೆ ನಂಗೆ ಭಯ. ಅತ್ತೆ ಮನೇಗೆ ಅಂಗಡಿಯಿಂದ ತಂದ ತೇಗದ ಬಾಗಿಲು ಮಳೆಗಾಲದಲ್ಲಿ ಮುಚ್ಚಕ್ಕೇ ಬರಲ್ಲ, ಬೇಸಿಗೇಲಿ ಅದೇ ಬಾಗಿಲಿನ ಪ್ಯಾನೆಲ್ ಮಧ್ಯ ಸೀಳಿ ಬೆಳಕು ಕಾಣುತ್ತೆ. ನಮ್ದೂ ಹಂಗಾದ್ರೆ ಅಪ್ಪಂಗೆ ತಡ್ಕೊಳಕ್ಕಾಗಲ್ಲ. ಇನ್ನೊಂದು, ಬಾಗಿಲ ಮೇಲಿನ ಅಡ್ಡಕ್ಕೆ ಗಜಲಕ್ಷ್ಮಿ ಕೆತ್ತಿಸ್ಬೇಕು ಅಂತ ಅಮ್ಮ ಹೇಳ್ತಿದಾರೆ.

ಉಳಿಬಾಚಿ:
ಅಕ್ಕಾ, ನಮ್ದು ಅಜ್ಜನ ಕಾಲದಿಂದ ಮರಗೆಲಸದ ಮನೆ. ಕದ ಮಾತ್ರ ಈಗ ಮಾಡಿಸ್ಬೇಡಿ, ಖಂಡಿತ ಬೇಡ. ನೆರಳಲ್ಲಿ ಒಣಗಿಸೋದಾದ್ರೆ ದಪ್ಪ ಒಂದಿಂಚಿಗೆ ಒಂದು ವರ್ಷ ಅಂತ ನಮ್ ಲೆಕ್ಕ, ನಿಮ್ಮ ಎರಡಿಂಚಿನ ಹಲಗೆಗೆ ಎರಡು ವರ್ಷ ಬೇಕು, ಅದ್ರಲ್ಲೂ ಮಲೆನಾಡಿನ ಮಳೆಗಾಲದ ನಾಲ್ಕು ತಿಂಗಳಲ್ಲಿ ಒಣಗೋದು ಏನೂ ಇಲ್ಲ. ಮರ ಉದ್ದಕ್ಕೆ ಕುಗ್ಗಲ್ಲ, ಅಗಲಕ್ಕೆ ಕುಗ್ಗುತ್ತೆ, ಒಂದಡಿ ಅಗಲದ ಹಸಿ ಹಲಗೆ ಒಣಗೋಷ್ಟರಲ್ಲಿ ಕಾಲು ಇಂಚಿಗೂ ಜಾಸ್ತಿ ಹೋಗುತ್ತೆ. ಮೂರೂವರೆ ಅಡಿ ಬಾಗಿಲಿಗೆ ಎಷ್ಟಾಗುತ್ತೆ ನೀವೇ ನೋಡಿ.
ನಿಮ್ಮ ಅತ್ತೆ ಮನೇಲಿ ಆಗಿರೋದೂ ಇದೇ ಇರ್ಬೇಕು, ಅದ್ರ ಜೊತೆಗೆ ಪ್ಯಾನೆಲ್‌ನ ಗಾಡಿ (ಅಂದ್ರೆ ಪ್ಯಾನೆಲ್ ಕೂರಕ್ಕೆ ಕದದ ಚೌಕಟ್ಟಲ್ಲಿ ಕೊರೆದ ಸಂದು) ಒಳಗೆ ಗೋಂದು ಹಾಕಿ ಅಂಟಿಸಿರ್ತಾರೆ. ಪ್ಯಾನೆಲ್ ಗಾಡಿ ಒಳಗೆ ಸಡಿಲ ಕೂರ್ಬೇಕು, ಮಳೇಲಿ ಹಿಗ್ಗಕ್ಕೆ ಬೇಸಿಗೇಲಿ ಕುಗ್ಗಕ್ಕೆ ಜಾಗ ಇರ್ಬೇಕು, ಅಂಟಿಸಿಬಿಟ್ರೆ ಅದು ಎಲ್ಲಿಗೂ ಹೋಗಕ್ಕಾಗ್ದೆ ಸೀಳುತ್ತೆ.
ದಾರಂದ ಬೇಕಾದ್ರೆ ಈಗ್ಲೇ ಮಾಡಿಸಿ, ಐದಾರು ಇಂಚಲ್ಲಿ ಕುಗ್ಗೋದು ಸ್ವಲ್ಪ. ದಿಮ್ಮಿಯ ನಟ್ಟನಡುವಿನ ಭಾಗ ಇರೋ ತುಂಡು ಮಾತ್ರ ಬೇಡ, ಅದು ಬಿರಿಯುತ್ತೆ. ಹೊರಗಿನ ಬಿಳಿ ಭಾಗ ಪೂರ್ತಿ ತೆಗೆಸಿ, ಹುಳ ಬೀಳೋದು ಅಲ್ಲೇ, ಹಳದಿ ಕೆಚ್ಚು ಅಷ್ಟೇ ಇರ್ಲಿ. ಗಜಲಕ್ಷ್ಮೀನ ದಾರಂದದ ಮೇಲೇ ಕೆತ್ತಿಸ್ಬೇಡಿ, ಆಮೇಲೆ ಬಿರುಕು ಬಂದ್ರೆ ಮುಖದ ಮೇಲೇ ಬರುತ್ತೆ. ಬೇರೆ ಒಣಗಿದ ಹಲಗೇಲಿ ಕೆತ್ತಿಸಿ ಮರದ ಗೂಟದಲ್ಲಿ ಕೂರಿಸ್ಬಹುದು. ನಿಮ್ಮ ಸಾಗರದಲ್ಲೇ ಗುಡಿಗಾರರು ಇದಾರಲ್ಲ, ಅವರ ಕೈ ಕೆಲಸ ಬೇರೆ ಯಾರಿಗೂ ಬರಲ್ಲ.

ಸೈಟ್_ಇಂಜಿನಿಯರ್:
ಉಳಿಬಾಚಿ ಹೇಳಿದ್ದು ಸರಿ, ಆದ್ರೆ ಎರಡು ವರ್ಷ ಕಾಯೋದು ಎಲ್ಲರಿಗೂ ಆಗಲ್ಲ. ಮಿಲ್ಲಿನ, ಬಿಸಿಗಾಳೀಲಿ ಮರ ಒಣಗಿಸೋ ಕಿಲ್ನ್‌ಗೆ ಹಾಕಿಸಿದ್ರೆ ಒಂದೆರಡು ತಿಂಗಳಲ್ಲಿ ಒಣಗುತ್ತೆ. ತೇವ ನೋಡಕ್ಕೆ ಮೀಟರ್ ಸಿಗುತ್ತೆ, ಇಲ್ದಿದ್ರೆ ಹಲಗೆ ಮಧ್ಯದಿಂದ ಚಿಕ್ಕ ತುಂಡು ಕೊಯ್ದು ತೂಕ ಹಾಕಿ, ಓವನ್ನಲ್ಲಿ ನೂರು ಡಿಗ್ರಿ ಆಸುಪಾಸಲ್ಲಿ ತೂಕ ಇಳಿಯೋದು ನಿಲ್ಲೋವರೆಗೂ ಇಟ್ಟು ಮತ್ತೆ ತೂಗಿ. 240 ಗ್ರಾಂ ಇದ್ದಿದ್ದು 200 ಆದ್ರೆ ತೇವ 20 ಪರ್ಸೆಂಟ್. ಬಾಗಿಲಿಗೆ 12ರಿಂದ 15 ಬಂದ್ರೆ ಸಾಕು. ಬೆಂಗಳೂರು ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರ ಒಣಗಿಸೋ ವಿಷಯ ಅಲ್ಲಿ ವಿಚಾರಿಸ್ಬಹುದು.
ಆದ್ರೆ ನಿಮ್ಮ ದಾರಂದ ಯಾಕೆ ಹಾಳಾಯ್ತು ಅಂತ ಮೊದ್ಲು ನೋಡಿ, ಇಲ್ಲಾಂದ್ರೆ ಹೊಸದೂ ಹಂಗೇ ಆಗುತ್ತೆ. ಬುಡ ಮಣ್ಣಿಗೋ ಸಿಮೆಂಟಿಗೋ ಹೂತಿದ್ರೆ ತೇವ ಎಳ್ಕೊಂಡು ಒರಲೆ ಕರೆಯುತ್ತೆ. ಕಲ್ಲಿನ ಹೊಸಿಲು ಹಾಕಿ ಅದ್ರ ಮೇಲೆ ನಿಲ್ಲಿಸಿ, ಬುಡಕ್ಕೆ, ಗೋಡೆಗೆ ತಾಗೋ ಬೆನ್ನಿಗೆ ಗೇರೆಣ್ಣೆ ಎರಡು ಮೂರು ಸಲ ಹಚ್ಚಿಸಿ.

ಉಳಿಬಾಚಿ:
ಸರ್, ಕಿಲ್ನ್ ಬೇಡ ಅಂತಲ್ಲ, ಆದ್ರೆ ಇಷ್ಟು ಹಸಿ ಇರೋ ಎರಡಿಂಚಿನ ಹಲಗೇನ ಅವಸರದಲ್ಲಿ ಕಾಯಿಸಿದ್ರೆ ಹೊರಗೆ ಮೊದ್ಲು ಗಟ್ಟಿಯಾಗಿ ಒಳಗೆ ಬಿರುಕು ಬಿಡುತ್ತೆ, ಅದು ಹೊರಗಿಂದ ಕಾಣೋದೇ ಇಲ್ಲ, ಉಳಿ ಹಾಕಿದಾಗ ಗೊತ್ತಾಗುತ್ತೆ. ಆರೇಳು ತಿಂಗಳು ನೆರಳಲ್ಲಿ ಒಣಗಿಸಿ ಆಮೇಲೆ ಹಾಕಿಸಿ.

ಹಳೇಕದ:
ತೋಟದಮನೆಯವರೇ, ನೀವು ದಾರಂದದ ಬುಡ ಹಾಳಾಗಿದೆ ಅಂದ್ರಿ, ಕದದ ವಿಷಯ ಹೇಳ್ಲೇ ಇಲ್ಲ. ಹಳೇ ಕದ ಹೆಂಗಿದೆ? ನಮ್ಮನೇಲೂ ಹಿಂಗೇ ಆಗಿತ್ತು, ಎಲ್ರೂ ಹೊಸದು ಹೊಸದು ಅಂತಿದ್ರು, ಕೊನೆಗೆ ಪೇಂಟ್ ಕೆರೆದು ನೋಡಿದ್ರೆ ಒಳಗೆ ಹೊನ್ನೆ ಮರ, ಒಂದು ತೂತಿಲ್ಲ. ಅಷ್ಟು ವರ್ಷ ಮಳೆ ಬಿಸಿಲು ಕಂಡಿರೋ ಮರ ಇನ್ನು ಕುಗ್ಗೋದು ಬಹಳ ಕಡಿಮೆ. ಜನ ದುಡ್ಡು ಕೊಟ್ಟು ತಮಿಳುನಾಡಿನ ಕಾರೈಕುಡಿಗೆ ಹೋಗಿ ಹಳೇ ಬಾಗಿಲು ತರ್ತಾರೆ, ಮನೇಲಿರೋದನ್ನ ಸೌದೆ ರಾಶಿಗೆ ಹಾಕೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ತೋಟದಮನೆ:
ನಿಜವಾಗ್ಲೂ ಯಾರಿಗೂ ಹೊಳೆದೇ ಇರ್ಲಿಲ್ಲ! ಈಗ ಹೋಗಿ ನೋಡಿ ಬಂದೆ. ಎರಡು ಕದ ಇದೆ, ಕೆಳಗಡೆ ಒಂದೆರಡಿಂಚು ಸವೆದಿದೆ ಅಷ್ಟೇ, ಮಿಕ್ಕಿದ್ದೆಲ್ಲ ಕಲ್ಲಿನ ಥರ ಇದೆ. ಆದ್ರೆ ಬಿಜಾಗ್ರಿ ಇಲ್ಲ, ಕದದ ಮೂಲೇಲೇ ಗೂಟದ ಥರ ಬಿಟ್ಟಿದಾರೆ, ಅದು ಕೆಳಗೆ ಹೊಸಿಲಿನ ಕುಳೀಲಿ, ಮೇಲೆ ಅಡ್ಡದ ತೂತಲ್ಲಿ ತಿರುಗುತ್ತೆ. ಇದನ್ನ ಹೊಸ ದಾರಂದಕ್ಕೆ ಕೂರಿಸಕ್ಕೆ ಬರುತ್ತಾ? ಅಪ್ಪಂಗೆ ಹೇಳ್ದೆ, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಅಜ್ಜನ ಮರದ ದಾರಂದ, ಅಜ್ಜ ಹಾಕಿಸಿದ ಕದ, ಆಗ್ಲಿ ಅಂದ್ರು.

ಉಳಿಬಾಚಿ:
ಬರುತ್ತೆ ಅಕ್ಕಾ, ಹೊಸ ದಾರಂದದ ಅಳತೆ ಕದದಿಂದ ತಗೊಳಕ್ಕೆ ಹೇಳಿ, ಹಳೇ ದಾರಂದದಿಂದ ಬೇಡ, ಅದು ವಾಲಿರುತ್ತೆ. ಸವೆದಿರೋ ಕಡೆ ಕೆಳಗೆ ಹಲಸಿನ ಪಟ್ಟಿ ಜೋಡಿಸಿದ್ರೆ ಎತ್ತರ ಸರಿಹೋಗುತ್ತೆ, ಆದ್ರೆ ಒಣಗಿದ ಹಲಸು ಬೇಕು, ಅಟ್ಟದ ಮೇಲೆ ಹಳೇ ತುಂಡು ಇದ್ರೆ ಹುಡುಕಿ. ಕಲ್ಲಿನ ಹೊಸಿಲು ಹಾಕ್ತೀರಾ ಅಂದ್ರೆ ಕುಳಿ ಕಲ್ಲಲ್ಲೇ ಕೊರೆಸಿ, ಒಳಗೆ ಹಿತ್ತಾಳೆ ಬಿಲ್ಲೆ ಒಂದು ಇಡಿ, ಗೂಟ ಬೇಗ ಸವೆಯಲ್ಲ. ಕದ ಮೇಲಕ್ಕೆ ಎತ್ತಿ ಕುಳೀಗೆ ಇಳಿಸಕ್ಕೆ ಮೇಲಿನ ತೂತು ಗೂಟಕ್ಕಿಂತ ಕೆಳಗಿನ ಕುಳಿಯಷ್ಟಾದ್ರೂ ಆಳ ಜಾಸ್ತಿ ಇರ್ಬೇಕು, ಇದನ್ನ ದಾರಂದ ನಿಲ್ಲಿಸೋಕ್ಕೆ ಮುಂಚೆ ಆಚಾರ್ರಿಗೆ ನೆನಪಿಸಿ, ಗೋಡೆ ಕಟ್ಟಿದ್ಮೇಲೆ ಕಷ್ಟ.
ಕೊಯ್ಸಿರೋ ಹಲಗೆಗಳ ಎರಡೂ ತುದಿಗೆ ಇವತ್ತೇ ಪೇಂಟ್ ಬಳೀರಿ, ತುದಿಯಿಂದ್ಲೇ ಬೇಗ ಒಣಗಿ ಸೀಳೋದು. ನೆಲಕ್ಕೆ ತಾಗ್ದಂಗೆ, ನಡುನಡುವೆ ಒಂದಿಂಚಿನ ರೀಪು ಕೊಟ್ಟು ಪೇರಿಸಿ ಮೇಲೆ ಭಾರ ಹೇರಿ. ರೀಪು ಒಂದರ ನೇರಕ್ಕೆ ಒಂದು ಬರ್ಲಿ. ಒಣಗಿದ್ಮೇಲೆ ಆ ಹಲಗೆ ದೇವರ ಕೋಣೆ ಬಾಗಿಲಿಗೆ ಆಗುತ್ತೆ.