ಎಲ್-ಮ್ಯಾಲಿಕ್ ಆಸಿಡ್ ಪ್ಲಸ್ ಯಾಕೆ ತೋರಿಸುತ್ತಿದೆ?

ಹರಳುಗಾರ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಬಾಟಲಿ ಮೇಲೆ ಎಲ್-ಮ್ಯಾಲಿಕ್ ಆಸಿಡ್ ಅಂತಿದೆ, ಸೇಬಿನಲ್ಲಿರುವುದೂ ಇದೇ. ಪುಸ್ತಕದ ಪ್ರಕಾರ ಮೈನಸ್ ಬರಬೇಕು, ಅಂದರೆ ಬೆಳಕು ಎಡಕ್ಕೆ ತಿರುಗಬೇಕು. ನನ್ನ ಪೋಲಾರಿಮೀಟರ್ (ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ಅಳೆಯುವ ಉಪಕರಣ) ಪ್ಲಸ್ 0.7 ಡಿಗ್ರಿ ತೋರಿಸುತ್ತಿದೆ! ನೀರು ತುಂಬಿ ಸೊನ್ನೆ ನೋಡಿಕೊಂಡಿದ್ದೇನೆ. ಎಲ್ ಬದಲು ಅದರ ಕನ್ನಡಿ ಪ್ರತಿಬಿಂಬವಾದ ಡಿ ಕಳಿಸಿಬಿಟ್ಟಿದ್ದಾರಾ?

ಸೋಡಿಯಂ_589:
ದ್ರಾವಣ ತುಂಬುವ ನಳಿಗೆಯ ಮುಚ್ಚಳ ಜಾಸ್ತಿ ಬಿಗಿಯಾಗಿದೆ. ತುದಿಯ ಗಾಜಿನ ಮೇಲೆ ಒತ್ತಡ ಬಿದ್ದರೆ ಸುಳ್ಳು ತಿರುವು ಬರುತ್ತದೆ. ಸಡಿಲ ಮಾಡಿ ನೋಡಿ.

ಹರಳುಗಾರ:
ಮಾಡಿದೆ. ಅದೇ 0.7. ಒಳಗೆ ಗುಳ್ಳೆಯೂ ಇಲ್ಲ.

ಸೋಡಿಯಂ_589:
ಹಾಗಾದರೆ ರಬ್ಬರ್ ವಾಷರ್ ಗಟ್ಟಿಯಾಗಿದೆ. ಬದಲಾಯಿಸಿ. ನನಗೂ ಹೀಗೇ ಆಗಿತ್ತು.

ಎಡಬಲ:
ವಾಷರ್ ಬಿಡಿ ಸಾರ್. ಎಲ್ ಅಂದರೆ ಎಡಕ್ಕೆ ಅಂತ ಅಲ್ಲ. ದೊಡ್ಡ ಎಲ್ ಹೇಳುವುದು ಅಣುವಿನ ಜೋಡಣೆಯನ್ನು. ಬೆಳಕು ಎತ್ತ ತಿರುಗುತ್ತದೆ ಅನ್ನುವುದಕ್ಕೆ ಪ್ಲಸ್, ಮೈನಸ್ ಇವೆ. ದ್ರಾಕ್ಷಿಯ ಟಾರ್ಟಾರಿಕ್ ಆಸಿಡ್ ಎಲ್, ಆದರೂ ಪ್ಲಸ್ 12.

ಹಳೆಮೇಷ್ಟ್ರು:
ಅದು ಎಲ್ ಹೇಗಾಗುತ್ತದೆ? ಫಿಷರ್ ಚಿತ್ರದಲ್ಲಿ (ಅಣುವನ್ನು ಕಾಗದದ ಮೇಲೆ ಚಪ್ಪಟೆಯಾಗಿ ಬರೆಯುವ ರೀತಿ) ಮೇಲಿನ ಇಂಗಾಲ ನೋಡಿ. ಓಎಚ್ ಗುಂಪು ಬಲಕ್ಕಿದೆ, ಅಂದರೆ ಡಿ.

ಎಡಬಲ:
ಸಕ್ಕರೆಯ ನಿಯಮದಂತೆ ಕೆಳಗಿನದನ್ನು ನೋಡಬೇಕು. ಅಲ್ಲಿ ಎಡಕ್ಕಿದೆ. ಅದಕ್ಕೇ ಜೋಡಣೆ ಹೇಳುವ ಆರ್/ಎಸ್ ಪದ್ಧತಿಯಲ್ಲಿ ಆರ್,ಆರ್ ಅಂತ ಬರೆಯಿರಿ ಅನ್ನುವುದು, ಜಗಳವೇ ಇರುವುದಿಲ್ಲ.

ಬೀಕರ್:
ಹರಳುಗಾರ ಅವರೇ, ಎಷ್ಟು ಆಸಿಡ್ ಕರಗಿಸಿದ್ದೀರಿ?

ಹರಳುಗಾರ:
50 ಗ್ರಾಂ ಕರಗಿಸಿ ಒಟ್ಟು 100 ಮಿಲಿ ಮಾಡಿದೆ. ತಿರುವು ಚಿಕ್ಕದು ಅಂತ ಗಟ್ಟಿ ದ್ರಾವಣವನ್ನೇ ಮಾಡಿಕೊಂಡೆ. ಅದನ್ನೂ ಹೇಳಬೇಕಿತ್ತಾ?

ಬೀಕರ್:
ಅದನ್ನೇ ಹೇಳಬೇಕಿತ್ತು! ಮ್ಯಾಲಿಕ್ ಆಸಿಡ್‌ನ ಗುಣವೇ ಹಾಗೆ. ತೆಳು ದ್ರಾವಣದಲ್ಲಿ ಮೈನಸ್. ತೂಕದಲ್ಲಿ ಶೇಕಡಾ 34ರ ಹತ್ತಿರ ಸೊನ್ನೆ. ಅದನ್ನು ದಾಟಿದರೆ ಪ್ಲಸ್. ಜೋಡಣೆ ಬದಲಾಗಿಲ್ಲ, ಎಸ್ ಆಗಿಯೇ ಇದೆ. ನಿಮ್ಮ ಬಾಟಲಿ ಸರಿಯಾಗಿದೆ. 100 ಮಿಲಿಗೆ 10 ಗ್ರಾಂ ಹಾಕಿ ನೋಡಿ.

ಹರಳುಗಾರ:
ಈಗಷ್ಟೇ ನೋಡಿದೆ. ಅದೇ 20 ಸೆಂ.ಮೀ ನಳಿಗೆ. ಕಣ್ಣಿಗೆ ಕಾಣುವ ವೃತ್ತದ ಎರಡೂ ಅರ್ಧ ಒಂದೇ ಮಬ್ಬಿಗೆ ಬರುವವರೆಗೆ ನಿಧಾನವಾಗಿ ತಿರುಗಿಸಿದೆ. ಮೈನಸ್ 0.45! ಮೂರು ಸಲವೂ ಅಷ್ಟೇ. ತುಂಬಾ ಥ್ಯಾಂಕ್ಸ್ ಬೀಕರ್.

ಸೋಡಿಯಂ_589:
ವಾಷರ್ ಬದಲಾಯಿಸಿದ ಮೇಲೆ ತಾನೇ? ನನ್ನ ಹತ್ತಿರ 40 ಸೆಂ.ಮೀ ನಳಿಗೆ ಇದೆ, ತಿರುವು ಎರಡರಷ್ಟು. ತೆಳು ದ್ರಾವಣಕ್ಕೆ ಅದೇ ಬೇಕು. ದೀಪವೂ ಸೋಡಿಯಂದೇ, ಎಲ್‌ಇಡಿ ಅಲ್ಲ.

ಎಡಬಲ:
ಸೋಡಿಯಂ ಬೆಳಕಿನ 589 ನ್ಯಾನೊಮೀಟರ್ ಫಿಲ್ಟರ್ ಹಾಕಿದರೆ ಎಲ್‌ಇಡಿಯೂ ನಡೆಯುತ್ತದೆ.

ಹಳೆಮೇಷ್ಟ್ರು:
ಟಾರ್ಟಾರಿಕ್ ವಿಷಯ ಇನ್ನೂ ಮುಗಿದಿಲ್ಲ. ಅದೂ ಹುಳಿ ಆಸಿಡ್, ಸಕ್ಕರೆಯಲ್ಲ. ಸಕ್ಕರೆಯ ನಿಯಮ ಅದಕ್ಕೇಕೆ?