ಹಳೆಯ ರೂಟ್‌ನ ತುದಿಯಲ್ಲಿ ಕೈಯಲ್ಲೇ ಮಾಡಿದ ಹ್ಯಾಂಗರ್: ಟಾಪ್ ರೋಪ್ ಹಾಕಬಹುದಾ?

ಹೊಸಹಗ್ಗ:
ಬಂಡೆಯಲ್ಲಿ ಯಾರೂ ಜಾಸ್ತಿ ಹತ್ತದ ಒಂದು ಹಳೆಯ ರೂಟ್ (ಹತ್ತುವ ದಾರಿ) ಹತ್ತಿದೆ. ಮೇಲೆ ಹಗ್ಗಕ್ಕೆ ಆಧಾರವಾಗುವ ಆ್ಯಂಕರ್‌ಗೆ ಎರಡು ಬೋಲ್ಟ್ ಇವೆ, ಆದರೆ ಹ್ಯಾಂಗರ್ (ಬೋಲ್ಟ್‌ಗೆ ಸಿಕ್ಕಿಸುವ, ತೂತಿರುವ ಲೋಹದ ತುಂಡು) ಎರಡೂ ಕಂಪನಿಯದ್ದಲ್ಲ. ಒಂದು, ಎಲ್ ಆಕಾರದ ಪಟ್ಟಿಯನ್ನು ಗರಗಸದಲ್ಲಿ ಕತ್ತರಿಸಿ ತೂತು ಕೊರೆದದ್ದು. ಇನ್ನೊಂದು, ದಪ್ಪ ಸರಪಳಿಯ ಒಂದು ಕೊಂಡಿಯನ್ನೇ ನಟ್ ಕೆಳಗೆ ಸಿಕ್ಕಿಸಿದ್ದು. ಯಾವುದರ ಮೇಲೂ ಗುರುತಿಲ್ಲ, ಎಷ್ಟು ಬಲ ತಡೆಯುತ್ತದೆ ಎನ್ನುವ ಕಿಲೋನ್ಯೂಟನ್ ಅಂಕಿ ಇಲ್ಲ. ಎಲ್ ಪಟ್ಟಿ ಬೆರಳಲ್ಲಿ ತಳ್ಳಿದರೆ ತಿರುಗುತ್ತದೆ. ಸ್ಲಿಂಗ್ (ನೇಯ್ದ ದಾರದ ಕುಣಿಕೆ) ಹಾಕಿ ಜೋರಾಗಿ ಜಗ್ಗಿದೆ, ಏನೂ ಆಗಲಿಲ್ಲ. ಆದರೂ ಮನಸ್ಸು ಒಪ್ಪದೆ ಹಿಂದಿದ್ದ ಮರಕ್ಕೆ ಹಗ್ಗ ಸುತ್ತಿ ಇಳಿದೆ. ಪಟ್ಟಿ 5 ಮಿ.ಮೀ. ದಪ್ಪ ಇದೆ. ಹಗ್ಗವನ್ನು ಮೇಲಿನ ಆ್ಯಂಕರ್‌ನಲ್ಲಿ ಹಾಯಿಸಿ, ಕೆಳಗೆ ಒಬ್ಬರು ಹಿಡಿದುಕೊಂಡು ಹತ್ತುವ ಟಾಪ್ ರೋಪ್‌ಗೆ ಅಷ್ಟು ಸಾಕಲ್ವಾ?

ಬಂಡೆಹುಳು:
ಮರ ಹಿಡಿದದ್ದು ಒಳ್ಳೆಯದಾಯಿತು. ಪಟ್ಟಿಯ ದಪ್ಪ ನೋಡಿ ಧೈರ್ಯ ತಂದುಕೊಳ್ಳಬೇಡಿ. ಇಂಥ ಕಡೆ ನನಗೆ ಪಟ್ಟಿಗಿಂತ ಅದರ ಹಿಂದಿನ ಬೋಲ್ಟ್ ಮೇಲೆ ಅನುಮಾನ ಜಾಸ್ತಿ. ಅದು ತೂತಿನೊಳಗೆ ಎಷ್ಟು ತುಕ್ಕು ತಿಂದಿದೆ ಅಂತ ಹೊರಗಿನಿಂದ ಕಾಣುವುದೇ ಇಲ್ಲ.

ಜಗ್ಗಿ ನೋಡಿದ್ದು ಪರೀಕ್ಷೆಯಲ್ಲ. 1 ಕಿಲೋನ್ಯೂಟನ್ ಅಂದರೆ ಸುಮಾರು 100 ಕೆ.ಜಿ. ಭಾರ. ನೀವು ಕೈಯಲ್ಲಿ ಜಗ್ಗಿದ್ದು ಅಷ್ಟೂ ಇರಲಿಕ್ಕಿಲ್ಲ. ಈಗಿನ ಕ್ಲೈಂಬಿಂಗ್ ಹ್ಯಾಂಗರ್ ಬಂಡೆಗೆ ಸಮಾನಾಂತರವಾಗಿ ಎಳೆದರೆ 25 ಕಿಲೋನ್ಯೂಟನ್ ತಡೆಯಬೇಕು. ಟಾಪ್ ರೋಪ್‌ನಲ್ಲಿ ಹತ್ತುವವರ ತೂಕ ಮಾತ್ರ ಬೀಳುವುದಲ್ಲ, ಕೆಳಗೆ ಹಗ್ಗ ಹಿಡಿದವರ ಎಳೆತವೂ ಅದೇ ಆ್ಯಂಕರ್ ಮೇಲೆ ಬೀಳುತ್ತದೆ.

ಎಲ್ ಆಕಾರದಲ್ಲಿ ಇನ್ನೊಂದು ತೊಂದರೆ. ಭಾರ ಬೀಳುವ ತೂತು ಬಂಡೆಯಿಂದ ದೂರ ಇದ್ದಷ್ಟೂ ಪಟ್ಟಿ ಸನ್ನೆಯ ಹಾಗೆ ಕೆಲಸ ಮಾಡಿ ಬೋಲ್ಟನ್ನು ಹೊರಕ್ಕೆ ಮೀಟುತ್ತದೆ. ಸುತ್ತಿಗೆಯ ಹಿಂಬದಿಯಿಂದ ಮೊಳೆ ಕೀಳುತ್ತೇವಲ್ಲ, ಹಾಗೆ. ತೂತಿನ ಅಂಚು ಚೂಪಾಗಿದ್ದರೆ ನೇರವಾಗಿ ತೂರಿಸಿದ ಸ್ಲಿಂಗ್ ಕತ್ತರಿಸಬಹುದು. ಹಾಗಂತ ಕ್ಯಾರಬೀನರ್ (ತೆರೆದು ಮುಚ್ಚುವ ಗೇಟ್ ಇರುವ ಲೋಹದ ಕೊಂಡಿ) ಹಾಕಿದರೆ ಎಲ್ಲ ಸರಿಯಾಯಿತು ಅಂತಲೂ ಅಲ್ಲ. ದಪ್ಪ ಪಟ್ಟಿಯ ಸಣ್ಣ ತೂತಿನಲ್ಲಿ ಅದು ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆ. ಗೇಟ್ ಮುಚ್ಚಿದ್ದಾಗ ಉದ್ದಕ್ಕೆ 20 ಕಿಲೋನ್ಯೂಟನ್ ಹಿಡಿಯುವ ಕ್ಯಾರಬೀನರ್‌ಗೆ ಅಡ್ಡ ಎಳೆತದಲ್ಲಿ 7ರಷ್ಟೇ ಭರವಸೆ.

ಮುಂದಿನ ಸಲ ಮರದಿಂದಲೇ ಹಗ್ಗ ಹಾಕಿಕೊಂಡು ಇಳಿದು ನೋಡಿ. ನಟ್‌ನಿಂದ ಹೊರಗೆ ಚಾಚಿದ ಬೋಲ್ಟ್ ಎಷ್ಟು ದಪ್ಪ? ಆಯಸ್ಕಾಂತ ಯಾವುದಕ್ಕೆ ಅಂಟುತ್ತದೆ? ಸುತ್ತ ಯಾವ ಬಣ್ಣದ ಕಲೆ ಇದೆ?

ಸ್ಪ್ಯಾನರ್‌ಭಕ್ತ:
ತಿರುಗುತ್ತಿದ್ದರೆ ನಟ್ ಬಿಗಿ ಮಾಡಿದರಾಯಿತು. ಸುಮ್ನೆ ಯಾಕೆ ಹೆದರಿಸುತ್ತೀರಿ?

ಬಂಡೆಹುಳು:
ಒಳ್ಳೆಯ ಸ್ಥಿತಿಯ 10 ಅಥವಾ 12 ಮಿ.ಮೀ. ಬೋಲ್ಟ್ ಆದರೆ ಬಿಗಿ ಮಾಡಿ, ತಪ್ಪಿಲ್ಲ. ಹಳೆಯ ಕಾಲು ಇಂಚಿನದಕ್ಕೆ ಸ್ಪ್ಯಾನರ್ ಹಾಕಬೇಡಿ. ನಾನೊಮ್ಮೆ ಇದೇ ಜಾಣತನ ತೋರಿಸಲು ಹೋಗಿ, ಅರ್ಧ ಸುತ್ತು ತಿರುಗಿಸುವುದರೊಳಗೆ ನಟ್, ಹ್ಯಾಂಗರ್, ಮುರಿದ ಬೋಲ್ಟಿನ ತುದಿ ಮೂರೂ ಕೈಗೆ ಬಂದವು. ಪುಣ್ಯಕ್ಕೆ ನಾನು ಬೇರೆ ಹಗ್ಗದಲ್ಲಿ ನೇತಾಡುತ್ತಿದ್ದೆ.

ಹೊಸಹಗ್ಗ:
ನೋಡಿಕೊಂಡು ಬಂದೆ. ಎರಡೂ ಬೋಲ್ಟ್ 6 ಮಿ.ಮೀ.ಗಿಂತ ಒಂದು ಕೂದಲು ಜಾಸ್ತಿ. ಬೋಲ್ಟ್‌ಗೆ, ಸರಪಳಿ ಕೊಂಡಿಗೆ ಆಯಸ್ಕಾಂತ ಅಂಟಿತು. ಎಲ್ ಪಟ್ಟಿಗೆ ಅಂಟಲಿಲ್ಲ. ಬೋಲ್ಟ್ ಕೆಳಗೆ ಕೆಂಪು ತುಕ್ಕಿನ ಗೆರೆ, ಪಟ್ಟಿಯ ತೂತಿನ ಸುತ್ತ ಬಿಳಿ ಹಿಟ್ಟು. ಪಟ್ಟಿ ಸ್ಟೇನ್‌ಲೆಸ್ ಇರಬಹುದಾ?

ಬಂಡೆಹುಳು:
ಸ್ಟೇನ್‌ಲೆಸ್‌ಗೂ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ನಿಜ. ಆದರೆ ಬಿಳಿ ಹಿಟ್ಟು ಅಂದಿರಲ್ಲ, ಅದು ಅಲ್ಯೂಮಿನಿಯಂ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ ಮಳೆನೀರು ಸೇರಿದರೆ ಒಂದು ಇನ್ನೊಂದನ್ನು ಸವೆಸುತ್ತದೆ. ಇಲ್ಲಿ ಸವೆಯುವುದು ಅಲ್ಯೂಮಿನಿಯಂ, ಅದೂ ನಟ್ ಮುಚ್ಚಿದ ಜಾಗದಲ್ಲೇ. ಬೋಲ್ಟ್ ಕಾಲು ಇಂಚಿನದು, ಅಂದರೆ 6.35 ಮಿ.ಮೀ. ಇದಕ್ಕೆ ಯಾರನ್ನೂ ನೇತುಹಾಕಬೇಡಿ.

ಹಾಕಿದವರನ್ನು ಬೈಯುವ ಹಾಗೂ ಇಲ್ಲ. ಬ್ಯಾಟರಿ ಡ್ರಿಲ್ ಬರುವ ಮೊದಲು ಗಟ್ಟಿ ಬಂಡೆಯಲ್ಲಿ ಉಳಿ, ಸುತ್ತಿಗೆ ಹಿಡಿದು ಒಂದೊಂದು ತೂತು ಕೊರೆಯಬೇಕಿತ್ತು. ತೂತು ಸಣ್ಣದಾದಷ್ಟೂ ತೋಳಿಗೆ ಉಳಿತಾಯ. ಹ್ಯಾಂಗರ್ ಸಿಗದಿದ್ದರೆ ಸಿಕ್ಕ ಪಟ್ಟಿಯನ್ನೇ ಕತ್ತರಿಸುತ್ತಿದ್ದರು.

ನೀವೇ ಹೊಡೆದು ಕೀಳಲು ಹೋಗಬೇಡಿ. ಬೋಲ್ಟ್ ಒಳಗೇ ಮುರಿದರೆ ಹಳೆಯ ತೂತು ದಕ್ಕುವುದು ಕಷ್ಟ. ಫೋಟೊ, ಅಳತೆ ಎರಡನ್ನೂ ಆ ಬಂಡೆಯ ಬೋಲ್ಟ್ ನೋಡಿಕೊಳ್ಳುವವರಿಗೆ ಕಳಿಸಿ. ಅವರು ಹಳೆಯದನ್ನು ಎಳೆದು ತೆಗೆದು, ಅದೇ ತೂತನ್ನು ದೊಡ್ಡದು ಮಾಡಿ, ಬೋಲ್ಟ್ ಮತ್ತು ಹ್ಯಾಂಗರ್ ಎರಡೂ ಒಂದೇ ಲೋಹದ್ದು ಹಾಕುತ್ತಾರೆ. ಬಂಡೆ ಕಡಲ ಪಕ್ಕದಲ್ಲಿದ್ದರೆ ಅದನ್ನೂ ಬರೆಯಿರಿ. ಉಪ್ಪುಗಾಳಿಗೆ ಸ್ಟೇನ್‌ಲೆಸ್ ಕೂಡ ಒಳಗೊಳಗೇ ಬಿರುಕು ಬಿಡುತ್ತದೆ. ಅಲ್ಲಿ ಅಂಟು ಹಾಕಿ ಕೂರಿಸುವ ಟೈಟಾನಿಯಂ ಬೇಕಾಗುತ್ತದೆ.

ಹೊಸಹಗ್ಗ:
ಕಡಲು ದೂರ. ಫೋಟೊ ಕಳಿಸಿದೆ. ಅಲ್ಲಿಯವರೆಗೆ ಮರಕ್ಕೆ ಕಟ್ಟೋಣ ಅಂದರೆ, ಅದು ಅಂಚಿನಿಂದ ನಾಲ್ಕು ಮೀಟರ್ ಹಿಂದಿದೆ. ಹಗ್ಗ ಅಂಚಿಗೆ ಉಜ್ಜುತ್ತದೆ.

ಬಂಡೆಹುಳು:
ಹತ್ತುವ ಹಗ್ಗವನ್ನು ಮರದ ತನಕ ಒಯ್ಯಬೇಡಿ. ಹಿಗ್ಗದ ಸ್ಟ್ಯಾಟಿಕ್ ಹಗ್ಗವನ್ನು ಬೇರೆ ಬೇರೆ ಎರಡು ಮರಕ್ಕೆ ಕಟ್ಟಿ, ಎರಡು ಎಳೆಯನ್ನೂ ಅಂಚು ದಾಟಿಸಿ ಕೆಳಗೆ ಗಂಟು ಹಾಕಿ. ಆ ಗಂಟಿಗೆ ಲಾಕ್ ಆಗುವ ಎರಡು ಕ್ಯಾರಬೀನರ್, ಗೇಟ್ ಎದುರುಬದುರು. ಅಂಚಿನ ಮೇಲೆ ಹಳೆಯ ಕಾರ್ಪೆಟ್ ತುಂಡು ಹಾಸಿ, ಅದು ಜಾರದ ಹಾಗೆ ಕಟ್ಟಿ. ಮರ ಹಸಿರಾಗಿರಬೇಕು, ತೊಡೆಗಿಂತ ದಪ್ಪ ಇರಬೇಕು, ತಳ್ಳಿದರೆ ಬುಡದ ಮಣ್ಣು ಅಲುಗಬಾರದು. ಈ ಕೆಲಸ ಮಾಡುವಾಗ ಅಂಚಿನ ಹತ್ತಿರ ನೀವೂ ಕಟ್ಟಿಕೊಂಡೇ ಇರಿ.